ಹಿಂದಿನ ಎಡಚಕ್ರದ ಸದ್ದು

ಕೃಷ್ಣಪ್ಪ ಆ ಪೊಟ್ಟಣವನ್ನು ಮೊದಲು ಪಕ್ಕದ ಸೀಟಿನ ಮೇಲಿಟ್ಟ. ಯಾಕೋ ಸರಿಯಲ್ಲ ಅನ್ನಿಸಿ ಹಿಂದಿನ ಸೀಟಿಗೆ ಹಾಕಿದ. ಗಾಡಿ ಶುರು ಮಾಡಿದವನು ಮತ್ತೆ ಆರಿಸಿ, ಇಳಿದು ಹೋಗಿ, ಅದನ್ನು ಎತ್ತಿ ತಂದು ತನ್ನ ತೊಡೆಯ ಪಕ್ಕದಲ್ಲಿ ಇಟ್ಟುಕೊಂಡ. ಒಳಗಿದ್ದದ್ದು ಇದೇ ಅಂಬಾಸಿಡರಿನ ಹಿಂದಿನ ಎಡಚಕ್ರದಿಂದ ಹೋದ ವಾರ ತೆಗೆಸಿದ ಬೇರಿಂಗು. ಸೀಮೆಎಣ್ಣೆಯಲ್ಲಿ ಎರಡು ಸಲ ತೊಳೆದು, ಹಳೆಯ ಪಂಚೆಯ ತುಂಡಿನಿಂದ ಒರೆಸಿ, ಪೇಪರಿನಲ್ಲಿ ಸುತ್ತಿದ್ದರೂ ಗ್ರೀಸು ಆಚೆಗೆ ಕಪ್ಪಗೆ ಮೂಡಿತ್ತು. ಎದುರಿನ ಬಾಡಿಗೆ ಮನೆಯಲ್ಲಿದ್ದ ಬಸ್ ಡ್ರೈವರು ಹನುಮಂತಯ್ಯ, ಅವತ್ತು ರಜೆಯಾದ್ದರಿಂದ ಬನಿಯನ್ನಿನಲ್ಲೇ ಬಾಗಿಲಿಗೆ ಬಂದು ನಿಂತು, "ಯಜಮಾನ್ರೇ, ನಾನ್ ಬರ್ಲಾ? ಆ ಕಣ್ಣಲ್ಲಿ ಒಬ್ರೇ ಹೋಗ್ತೀರಾ?" ಎಂದ. "ಬ್ಯಾಡರಹಳ್ಳಿ ಏನ್ ಕಾಶೀನಾ? ಹೋಗ್ಬಿಟ್ ಬರ್ತೀನಿ" ಎಂದ ಕೃಷ್ಣಪ್ಪ. ಯಾಕೆ ಹೋಗುತ್ತಿದ್ದೀರಿ ಎಂದು ಹನುಮಂತಯ್ಯ ಕೇಳಲಿಲ್ಲ. ಕೇಳಿದ್ದರೆ ಏನಾದರೂ ಒಂದು ಸುಳ್ಳು ಹೇಳಿ ಮುಗಿಸಬಹುದಿತ್ತು. ಕೇಳದೆ ಇದ್ದದ್ದು ಹೆಚ್ಚು ಚುಚ್ಚಿತು. ಎಂಟು ತಿಂಗಳಿಂದ ಹೆಂಡತಿ ಅಕ್ಕಯ್ಯಮ್ಮ ಬ್ಯಾಡರಹಳ್ಳಿಯಲ್ಲಿ ತನ್ನ ತಮ್ಮನ ಮನೆಯಲ್ಲಿ ಕೂತಿದ್ದಾಳೆ ಎಂಬುದು ಮಾರೇನಹಳ್ಳಿಯ ನಲ್ಲಿಯ ಹತ್ತಿರ ಬಿಂದಿಗೆ ಇಟ್ಟವರಿಗೆಲ್ಲ ಗೊತ್ತಿತ್ತು. ಐವತ್ತೆರಡು ವರ್ಷದ ಹೆಂಗಸು, ಹೊಸದಾಗಿ ಮದುವೆಯಾದ ಹುಡುಗಿ ಮುನಿಸಿಕೊಂಡ ಹಾಗೆ ತವರು ಸೇರಿದರೆ ಜನ ನಗದೆ ಇನ್ನೇನು ಮಾಡುತ್ತಾರೆ? ಇವತ್ತು ಕರೆದುಕೊಂಡೇ ಬರಬೇಕು ಎಂದು ಕೃಷ್ಣಪ್ಪ ಬೆಳಗ್ಗೆಯೇ ಗಡ್ಡ ಹೆರೆಸಿಕೊಂಡು, ಒಗೆದ ಪಂಚೆ ಉಟ್ಟು ಹೊರಟಿದ್ದ.

ಮಾಗಡಿ ರಸ್ತೆಗೆ ಬಿದ್ದ ಮೇಲೆ ಗಾಡಿ ಸಲೀಸಾಗಿ ಸಾಗಿತು. ಪೊರೆ ತೆಗೆಸಿದ ಬಲಗಣ್ಣಿಗೆ ಕೊಟ್ಟಿದ್ದ ಸೋಡಾಬುಡ್ಡಿ ಕನ್ನಡಕದಲ್ಲಿ ಎದುರಿನ ಬಸ್ಸು ಇರುವುದಕ್ಕಿಂತ ದಪ್ಪಗೆ, ಮೈಮೇಲೇ ಬರುವಂತೆ ಕಾಣುತ್ತಿತ್ತು. ಹಾಗಾಗಿ ಸೈಕಲ್ಲಿನವರೂ ಹಿಂದೆ ಹಾಕಿ ಹೋಗುವಷ್ಟು ನಿಧಾನವಾಗಿ ಓಡಿಸುತ್ತಿದ್ದ. ಕಣ್ಣು ರಸ್ತೆಯ ಮೇಲಿದ್ದರೂ ಕಿವಿ ಹಿಂದಿನ ಚಕ್ರದ ಮೇಲಿತ್ತು. ಏನೂ ಸದ್ದಿರಲಿಲ್ಲ. ನೀನು ಹೇಳಿದ್ದೇ ಸರಿ ಕಣೇ, ಎಂದು ಮನಸ್ಸಿನಲ್ಲೇ ಹೇಳಿ ನೋಡಿದ. ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ಆ ಮಾತನ್ನು ಒಂದು ದಿನವೂ ಆಡಿರಲಿಲ್ಲವಾದ್ದರಿಂದ ಮನಸ್ಸಿನಲ್ಲಿ ಕೂಡ ನಾಲಿಗೆ ತೊಡರಿತು. ಸರಿ ಅನ್ನುವುದಕ್ಕಿಂತ ನಿಜ ಅನ್ನುವುದು ಮೇಲು. ನೀನು ಹೇಳಿದ್ದೇ ನಿಜ. ಆಮೇಲೆ ಪೊಟ್ಟಣ ಬಿಚ್ಚಿ ತೋರಿಸಬೇಕು. ಅವಳೇ ಕೈಯಲ್ಲಿ ಹಿಡಿದು ತಿರುಗಿಸಿ ನೋಡಲಿ. ನೋಡಿದ ಮೇಲೆ ಒಳಗೆ ಹೋಗಿ ಚೀಲ ತರುತ್ತಾಳೆ. ಇದಕ್ಕಿಂತ ಹೆಚ್ಚಿಗೆ ಏನು ಹೇಳಬೇಕಾದೀತು? ಹೆಚ್ಚಿಗೆ ಹೇಳಬೇಕಾದದ್ದು ಒಂದಿತ್ತು. ಆದರೆ ಅದನ್ನು ಪೇಪರಿನಲ್ಲಿ ಸುತ್ತಿ ತರುವ ಹಾಗಿರಲಿಲ್ಲ. ಹಿಂದಿನ ಲಾರಿಯವನು ಹಾರನ್ನು ಒತ್ತಿ ಒತ್ತಿ ಬೇಸತ್ತು, ಪಕ್ಕಕ್ಕೆ ಬಂದು ತಲೆ ಆಚೆ ಹಾಕಿ, "ತಾತಾ, ಮನೇಲ್ ಮಲ್ಕೋಬಾರ್ದಾ?" ಎಂದು ಕೂಗಿಕೊಂಡು ಹೋದ. ಕೃಷ್ಣಪ್ಪನಿಗೆ ಸಿಟ್ಟು ಬರಲಿಲ್ಲ. ಈಚೆಗೆ ಸಿಟ್ಟು ಬರಬೇಕಾದ ಕಡೆ ಬರುತ್ತಲೇ ಇರಲಿಲ್ಲ.

ಎಂಟು ತಿಂಗಳ ಹಿಂದೆ, ಅವತ್ತೂ ಇದೇ ರಸ್ತೆ. ತಾವರೆಕೆರೆ ಕಡೆಯ ಒಂದು ಮದುವೆಗೆ ನಾಲ್ಕು ಜನ ಹೊರಟಿದ್ದರು. ಮುಂದೆ ಕೃಷ್ಣಪ್ಪನ ಪಕ್ಕ ಅವನ ದಾಯಾದಿ ನಾರಾಯಣಪ್ಪ, ಹಿಂದೆ ನಾರಾಯಣಪ್ಪನ ಹೆಂಡತಿ ಜಯದೇವಿ, ಅವಳ ಎಡಕ್ಕೆ ಅಕ್ಕಯ್ಯಮ್ಮ. ಈ ಗಾಡಿ ಕೊಂಡ ದಿನದಿಂದಲೂ ಅಕ್ಕಯ್ಯಮ್ಮನ ಜಾಗ ಅದೇ. ಮುಂದಿನ ಸೀಟು ಗಂಡಸರದ್ದು. ಗಂಡಸರಿಲ್ಲದಿದ್ದರೆ ಹೂವಿನದ್ದು, ಹಣ್ಣಿನದ್ದು, ಹಿಂಡಿ ಮೂಟೆಯದ್ದು. ಗಂಡ ಹೆಂಡತಿ ಇಬ್ಬರೇ ಹೋಗುವಾಗಲೂ ಅವಳು ಹಿಂದಿನ ಬಾಗಿಲು ತೆಗೆದು, ಸೆರಗು ಒಳಗೆಳೆದುಕೊಂಡು, ಆ ಎಡಮೂಲೆಯಲ್ಲೇ ಕೂರುತ್ತಿದ್ದಳು. ಕೆಳಗೆ ಚಕ್ರ. ಅವಳು ಹೇಳಿದ್ದು ಅವತ್ತೇ ಮೊದಲಲ್ಲ. ಯುಗಾದಿಗೆ ಮುಂಚೆಯೇ ಒಂದು ಸಲ, "ಹಿಂದೆ ಏನೋ ಗುಂಯ್ ಅಂತದೆ ಕೇಳಿ. ಜೋರಾಗ್ ಹೋದ್ರೆ ಜೋರು, ಮೆಲ್ಲಗೆ ಹೋದ್ರೆ ಮೆಲ್ಲಗೆ" ಎಂದಿದ್ದಳು. ಇನ್ನೊಂದು ಸಲ, "ಬಲಕ್ಕೆ ತಿರುಗಿಸ್ದಾಗ ಜಾಸ್ತಿ ಆಗುತ್ತೆ" ಎಂದಿದ್ದಳು. ಕೃಷ್ಣಪ್ಪ ಮುಂದೆ ಕೂತು ಕಿವಿ ಕೊಟ್ಟರೆ ಇಂಜಿನ್ನಿನ ಸದ್ದು ಬಿಟ್ಟು ಇನ್ನೇನೂ ಇಲ್ಲ. ನೀವೇ ಒಂದ್ಸಲ ಇಲ್ಲಿ ಬಂದು ಕೂತ್ಕೊಂಡು ಕೇಳಿ ಎಂದರೆ, ಗಾಡಿ ಯಾರು ಓಡಿಸ್ತಾರೆ ನಿಮ್ಮಪ್ಪನಾ ಎಂದು ಬಾಯಿ ಮುಚ್ಚಿಸಿದ್ದ. ಹಾಗೆ ಬಾಯಿ ಮುಚ್ಚಿಸುವುದನ್ನು ಅವನು ಸಲಿಗೆ ಎಂದೇ ತಿಳಿದಿದ್ದ. ಅವತ್ತು ಜಯದೇವಿಯ ಎದುರಿಗೆ ಅವಳು ಮತ್ತೆ ಅದೇ ಮಾತು ತೆಗೆದಳು. "ನಡುವಿನ ಗೂಟ ಸವೆದ್ರೆ ರಾಗಿಕಲ್ಲು ಹಿಂಗೇ ಅನ್ನೋದು. ಮೇಲಿನ ಕಲ್ಲು ಅಲ್ಲಾಡೋಕೆ ಶುರು ಆಗುತ್ತಲ್ಲ, ಆವಾಗ. ಒಂದ್ಸಲ ಬಿಚ್ಚಿಸಿ ತೋರಿಸ್ಬಿಡಿ, ಮದುವೆಗ್ ಹೋಗೋ ದಾರೀಲಿ ಚಕ್ರ ಕಳಚ್ಕೊಂಡ್ರೆ?" ನಾರಾಯಣಪ್ಪ ಹಿಂದಕ್ಕೆ ತಿರುಗಿ, "ಅತ್ತಿಗೆ ಮೆಕಾನಿಕ್ಕು ಆಗ್ಬಿಟ್ರಲ್ಲಪ್ಪ" ಎಂದು ನಕ್ಕ. ಜಯದೇವಿ, "ನಂಗೇನೂ ಕೇಳಿಸ್ಲಿಲ್ಲಪ್ಪ" ಎಂದಳು. ಮನೆ ಬಿಟ್ಟಾಗಿನಿಂದ ಜಯದೇವಿ ಮಾತು ನಿಲ್ಲಿಸಿರಲಿಲ್ಲ, ಅವಳಿಗೆ ಕೇಳಿಸುವುದಾದರೂ ಹೇಗೆ?

ಸುಂಕದಕಟ್ಟೆಯಲ್ಲಿ ಬೈರಯ್ಯನ ಶೆಡ್ಡು ಬಂತು. ಕೃಷ್ಣಪ್ಪನ ಗಾಡಿಯ ಕೆಲಸವೆಲ್ಲ ಮೊದಲಿಂದಲೂ ಬೈರಯ್ಯನದೇ. ಈ ಕಾಟ ಇವತ್ತಿಗೆ ಮುಗಿಯಲಿ ಎಂದು ಕೃಷ್ಣಪ್ಪ ಅಲ್ಲಿ ನಿಲ್ಲಿಸಿದ. ಬೈರಯ್ಯ ಕೈ ಒರೆಸಿಕೊಂಡು ಬಂದು, ವಿಷಯ ಕೇಳಿ, "ಒಂದ್ ರೌಂಡ್ ಹೋಗ್ ಬರ್ತೀನಿ, ಎಲ್ರೂ ಇಳೀರಿ" ಎಂದ. ಅಕ್ಕಯ್ಯಮ್ಮ ಇಳಿಯಲಿಲ್ಲ. "ಸದ್ದು ನನಗೆ ಗೊತ್ತಪ್ಪ, ಎಲ್ಲಿ ಬರುತ್ತೆ ಅಂತ ನಾನ್ ತೋರಿಸ್ತೀನಿ, ಇಲ್ಲೇ ಕೂತಿರ್ತೀನಿ" ಎಂದಳು. ಬೈರಯ್ಯ ಕೃಷ್ಣಪ್ಪನ ಮುಖ ನೋಡಿದ. ಯಜಮಾನರ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಟ್ರಯಲ್ಲಿಗೆ ಹೋಗುವುದುಂಟೆ? ಕೃಷ್ಣಪ್ಪನಿಗೂ ಹಾಗೇ ಅನ್ನಿಸಿತು. "ಇಳಿಯೇ, ಮರದ ಕೆಳಗ್ ನಿಂತ್ಕೋ" ಎಂದ. ರೇಷ್ಮೆ ಸೀರೆಯ ಹೆಂಗಸು ಟೈರುಗಳ ರಾಶಿಯ ಪಕ್ಕ, ಹೊಂಗೆಮರದ ಕೆಳಗೆ ನಿಂತಳು. ಬೈರಯ್ಯ ಒಬ್ಬನೇ ಗಾಡಿ ಓಡಿಸಿಕೊಂಡು ಅರ್ಧ ಮೈಲಿ ಹೋಗಿ ಬಂದ. ಹಿಂದಿನ ಸೀಟು ಖಾಲಿ. ಖಾಲಿ ಸೀಟಿನ ಕೆಳಗಿನ ಚಕ್ರಕ್ಕೆ ಭಾರವೆಲ್ಲಿ? ಅದು ಬಾಯಿ ಬಿಡಲಿಲ್ಲ. "ಏನಿಲ್ಲ ಯಜಮಾನ್ರೇ, ಬೆಣ್ಣೆ ಥರಾ ಹೋಗ್ತಾ ಇದೆ" ಎಂದು ಬೈರಯ್ಯ ಕೀಲಿಕೈ ಕೊಟ್ಟ. ನಾರಾಯಣಪ್ಪ ನಕ್ಕ, ಜಯದೇವಿ ನಕ್ಕಳು, ಬೈರಯ್ಯನೂ ಮರ್ಯಾದೆಗೆ ಎಂಬಂತೆ ಸ್ವಲ್ಪ ನಕ್ಕ. ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ನಾಲ್ಕು ಜನ ನಗುತ್ತಿರುವಾಗ ಇನ್ನೂ ಸ್ವಲ್ಪ ನಗಿಸಬೇಕು ಎನ್ನುವ ಚಪಲ ಕೃಷ್ಣಪ್ಪನಿಗೆ ಮೊದಲಿನಿಂದ ಇತ್ತು.

"ಇವ್ಳ ಕಿವಿ ವಿಷ್ಯ ನಿಂಗೊತ್ತಿಲ್ಲ ಬೈರಯ್ಯ" ಎಂದ. "ಸತ್ತಿರೋ ಕೂಸು ಅಳೋದನ್ನೇ ಒಂದು ವರ್ಷ ಕೇಳಿಸ್ಕೊಂಡೋಳು. ಗಾಡಿ ಅಳೋದು ಕೇಳ್ಸಲ್ವಾ?"

ಯಾರೂ ನಗಲಿಲ್ಲ. ಜಯದೇವಿ ಕೂಡ ಬಾಯಿ ಮುಚ್ಚಿದಳು. ಅಕ್ಕಯ್ಯಮ್ಮ ಮರದ ಕೆಳಗಿನಿಂದ ಬಂದು, ಹಿಂದಿನ ಬಾಗಿಲು ತೆಗೆದು, ಮುಯ್ಯಿಗೆಂದು ತಂದಿದ್ದ ಹಿತ್ತಾಳೆ ಕೊಳಗವನ್ನು ಜಯದೇವಿಯ ಕೈಗೆ ಕೊಟ್ಟು, "ನಮ್ ಹೆಸರು ಹೇಳಿ ಒಪ್ಪಿಸ್ಬಿಡು" ಎಂದಳು. ತನ್ನ ಕೈಚೀಲ ತೆಗೆದುಕೊಂಡು, ರಸ್ತೆಯ ಅಂಚಿನಲ್ಲಿ ಬ್ಯಾಡರಹಳ್ಳಿಯ ಕಡೆಗೆ ನಡೆದಳು. ಅಳಲಿಲ್ಲ, ತಿರುಗಿ ನೋಡಲಿಲ್ಲ, ಅವಸರವನ್ನೂ ಮಾಡಲಿಲ್ಲ. ತಮ್ಮನ ಮನೆ ಅಲ್ಲಿಂದ ಒಂದೆರಡು ಮೈಲಿ; ಕೋಪ ಇಳಿದ ಮೇಲೆ ಸಂಜೆಗೆ ಬರುತ್ತಾಳೆ ಎಂದುಕೊಂಡು ಕೃಷ್ಣಪ್ಪ ಮದುವೆಗೆ ಹೋದ. ಪಂಕ್ತಿಯಲ್ಲಿ ಕೂತು ಮೂರು ಸಲ ಪಾಯಸ ಹಾಕಿಸಿಕೊಂಡ. ಇವತ್ತಿಗೂ ಆ ಪಾಯಸ ನೆನಪಾದರೆ ಅವನಿಗೆ ಮೈಯೆಲ್ಲ ನಾಚಿಕೆಯಾಗುತ್ತದೆ.

ಇವತ್ತು ಸುಂಕದಕಟ್ಟೆ ದಾಟುವಾಗ ಕೃಷ್ಣಪ್ಪ ಬಲಗಡೆಗೆ ನೋಡಲಿಲ್ಲ. ಹೊಂಗೆಮರ ಇನ್ನೂ ಅಲ್ಲೇ ಇರುವುದು ಹೋದ ವಾರವಷ್ಟೇ ಗೊತ್ತಾಗಿತ್ತು. ಅದಕ್ಕೂ ಆರೇಳು ವಾರ ಮುಂಚೆ, ಕಣ್ಣಿನ ಆಪರೇಶನ್ ಆದ ಮೇಲೆ, ಆಸ್ಪತ್ರೆಯಿಂದ ಮನೆಗೆ ಕರೆತಂದವನು ಹನುಮಂತಯ್ಯ. ಅಲುಗಾಡಬಾರದು ಎಂದು ಡಾಕ್ಟರು ಹೇಳಿದ್ದರಿಂದ ಕೃಷ್ಣಪ್ಪನನ್ನು ಹಿಂದೆ, ಎಡಮೂಲೆಗೆ ದಿಂಬು ಕೊಟ್ಟು ಕೂರಿಸಿದ್ದ. ಗಾಡಿ ಕೊಂಡು ಏಳು ವರ್ಷವಾದ ಮೇಲೆ ಅವನು ಆ ಸೀಟಿನಲ್ಲಿ ಕೂತದ್ದು ಅದೇ ಮೊದಲು. ಕಣ್ಣಿಗೆ ಪಟ್ಟಿ ಕಟ್ಟಿತ್ತು, ಇನ್ನೊಂದು ಕಣ್ಣೂ ಮುಚ್ಚಿಕೊಂಡಿದ್ದ. ಆಸ್ಪತ್ರೆಯಲ್ಲಿ ಮೂರು ದಿನ ಬಾಗಿಲ ಕಡೆಗೇ ಜೀವ ಇಟ್ಟುಕೊಂಡು ಮಲಗಿದ್ದ. ಹೆಂಗಸಿನ ಬಳೆ ಸದ್ದು ಕೇಳಿದಾಗಲೆಲ್ಲ ಅವಳೇ ಅಂದುಕೊಂಡಿದ್ದ. ಅದು ಪಕ್ಕದ ಮಂಚದವನ ಹೆಂಡತಿ, ಇಲ್ಲ ಆಯಾ. ಹೇಳಿಕಳಿಸಿದ್ದೆನಲ್ಲ, ಬರಬಾರದಿತ್ತೇ, ಕಣ್ಣಲ್ಲವೇ, ಎಂದು ಒಳಗೇ ಕುದಿಯುತ್ತ ಕೂತಿದ್ದವನಿಗೆ, ಗಾಡಿ ವಿಜಯನಗರದ ಕಡೆಗೆ ಬಲಕ್ಕೆ ತಿರುಗಿದಾಗ ಕೇಳಿಸಿತು. ಕುಂಡೆಯ ಕೆಳಗಿನಿಂದ, ಸೀಟಿನ ಸ್ಪ್ರಿಂಗಿನ ಮೂಲಕ, ಬೆನ್ನುಮೂಳೆಯೊಳಕ್ಕೇ ಬಂತು. ಗುಂಯ್ ಎನ್ನುವ ಒಂದೇ ಸಮನೆ ಗೊಣಗು, ತಿರುವಿನಲ್ಲಿ ಏರಿತು, ನೇರವಾದ ಮೇಲೆ ತಗ್ಗಿತು. "ಹನುಮಂತಯ್ಯ, ಗೇರ್ ತಪ್ಸಪ್ಪಾ" ಎಂದ. ಹನುಮಂತಯ್ಯ ಯಾಕೆ ಎಂದು ಕೇಳದೆ ನ್ಯೂಟ್ರಲಿಗೆ ತಂದ. ಇಂಜಿನ್ನಿನ ಸದ್ದು ಇಳಿಯಿತು, ಆ ಸದ್ದು ಇಳಿಯಲಿಲ್ಲ. ರಾಗಿಕಲ್ಲು. ಅವಳು ಹೇಳಿದ ಹಾಗೆಯೇ, ಮೇಲಿನ ಕಲ್ಲು ನಡುವಿನ ಗೂಟದ ಮೇಲೆ ಅಲ್ಲಾಡುವ ಸದ್ದು. ಪಟ್ಟಿಯ ಕೆಳಗೆ ಕಣ್ಣು ಒದ್ದೆಯಾಯಿತು. ಅಳಬಾರದು, ಹೊಲಿಗೆ ಬಿಟ್ಟುಕೊಳ್ಳುತ್ತದೆ ಎಂದು ನರ್ಸು ಹೇಳಿದ್ದು ನೆನಪಾಗಿ ಹಲ್ಲು ಕಚ್ಚಿಕೊಂಡು ಕೂತ.

ಆರು ವಾರ ಗಾಡಿ ಮುಟ್ಟುವ ಹಾಗಿರಲಿಲ್ಲ. ಕನ್ನಡಕ ಬಂದ ಮೇಲೆ ಮೊದಲು ಹೋದದ್ದೇ ಬೈರಯ್ಯನ ಹತ್ತಿರ. ಬೈರಯ್ಯ ಈ ಸಲ ಓಡಿಸಿ ನೋಡಲಿಲ್ಲ. ಜಾಕು ಕೊಟ್ಟು ಹಿಂದಿನ ಎಡಚಕ್ರ ಎತ್ತಿದ. ಚಕ್ರದ ನೆತ್ತಿಗೆ ಒಂದು ಕೈ, ಬುಡಕ್ಕೆ ಒಂದು ಕೈ ಕೊಟ್ಟು ಒಳಕ್ಕೂ ಹೊರಕ್ಕೂ ಅಲ್ಲಾಡಿಸಿದ. ಅಲ್ಲಾಡಬಾರದ ಚಕ್ರ ಟಕ್ ಟಕ್ ಎಂದು ಅಲ್ಲಾಡಿತು. ಆಮೇಲೆ ಅದನ್ನು ಕೈಯಿಂದಲೇ ಜೋರಾಗಿ ತಿರುಗಿಸಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಆಕ್ಸಲಿಗೆ ಕೊಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದ. ಸ್ವಲ್ಪ ಹೊತ್ತು ಹಾಗೇ ಇದ್ದು, ಸ್ಕ್ರೂಡ್ರೈವರನ್ನು ಕೃಷ್ಣಪ್ಪನಿಗೆ ಕೊಟ್ಟ. ಕೃಷ್ಣಪ್ಪ ಬೇಡವೆಂದು ತಲೆಯಾಡಿಸಿದ. ಡ್ರಮ್ಮು ಬಿಚ್ಚಿ, ಆಕ್ಸಲು ಎಳೆದು, ಬೇರಿಂಗು ಆಚೆ ತೆಗೆದಾಗ ಅದರ ಗುಂಡುಗಳಿಗೆಲ್ಲ ಸಿಡುಬು ಬಂದು ಹೋದ ಮುಖದ ಹಾಗೆ ಗುಳಿ ಬಿದ್ದಿತ್ತು. ಆ ಗುಂಡುಗಳು ಕೂರುವ ಬಳೆ ಸುಟ್ಟು ನೀಲಿಯಾಗಿತ್ತು. ಎಣ್ಣೆ ತಡೆಯುವ ಸೀಲು ಕಿತ್ತು ಡ್ರಮ್ಮಿನ ಒಳಗೆಲ್ಲ ಎಣ್ಣೆ. "ಇನ್ನೊಂದ್ ಐನೂರು ಮೈಲಿ ಓಡ್ಸಿದ್ರೆ ಆಕ್ಸಲ್ ಸಮೇತ ಚಕ್ರ ಆಚೆ ಬಂದಿರೋದು" ಎಂದ ಬೈರಯ್ಯ. ಹೊಸ ಬೇರಿಂಗಿಗೆ ಅಂಗೈಯಲ್ಲಿ ಗ್ರೀಸು ಒತ್ತಿ ಒತ್ತಿ ತುಂಬುತ್ತ, ತಲೆ ಎತ್ತದೆ, "ಅವತ್ತು ಅಮ್ಮಾವ್ರನ್ನ ಕೂರಿಸ್ಕೊಂಡೇ ಹೋಗ್ಬೇಕಾಗಿತ್ತು ಯಜಮಾನ್ರೇ. ಗೊತ್ತಿರೋರನ್ನ ಇಳಿಸ್ಬಿಟ್ಟು ಗೊತ್ತಿಲ್ದೋನು ನಾನು ಹೋದೆ. ಕ್ಷಮಿಸಿ ಅಂತ ಹೇಳಿ" ಎಂದ. ಬೈರಯ್ಯನಿಗೆ ಎಷ್ಟು ಸಲೀಸಾಗಿ ಬಂತು ಆ ಮಾತು ಎಂದು ಕೃಷ್ಣಪ್ಪನಿಗೆ ಹೊಟ್ಟೆಕಿಚ್ಚಾಯಿತು.

ಗೊತ್ತಿಲ್ಲದವನು ಎಂದು ಹೇಳಿಕೊಳ್ಳುವ ಹಕ್ಕು ಬೈರಯ್ಯನಿಗಿತ್ತು. ಕೃಷ್ಣಪ್ಪನಿಗೆ ಇರಲಿಲ್ಲ. ಆ ಕೂಸು ಸತ್ತದ್ದು ಮೂವತ್ತು ವರ್ಷದ ಹಿಂದೆ. ಐದು ತಿಂಗಳ ಗಂಡುಕೂಸು, ಎರಡು ದಿನದ ಜ್ವರ, ಮೂರನೆಯ ದಿನ ಇಲ್ಲ. ಅದಾದ ಮೇಲೆ ಅವರಿಗೆ ಮಕ್ಕಳಾಗಲಿಲ್ಲ. ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಅಕ್ಕಯ್ಯಮ್ಮ ಇದ್ದಕ್ಕಿದ್ದಂತೆ ಕೈಕೆಲಸ ಬಿಟ್ಟು ಹಿತ್ತಲ ಕೋಣೆಯ ಕಡೆಗೆ ಕಿವಿ ಕೊಡುತ್ತಿದ್ದಳು. ಹಸಿವಾದಾಗ ರಾಗ ಎಳೆಯೋ ಹಾಗೆ ಅಳ್ತಾ ಇದಾನೆ, ಕೇಳಿ, ಅನ್ನುತ್ತಿದ್ದಳು. ಎದೆಯ ಮೇಲೆ ಸೆರಗು ಒದ್ದೆಯಾಗುತ್ತಿತ್ತು. ಮನೆಯವರೆಲ್ಲ ಇವಳಿಗೆ ಏನೋ ಸೋಕಿದೆ ಎಂದರು. ಕೆಂಗೇರಿಯ ಆಚೆ ಯಾವನೋ ಒಬ್ಬ ಮುದುಕ ಸೋಕು ಬಿಡಿಸುತ್ತಾನೆ ಎಂದು ಕರೆದುಕೊಂಡು ಹೋದರು. ಮುದುಕ ಅವಳ ಕೂದಲನ್ನು ಬಿಚ್ಚಿ ಕಂಬಕ್ಕೆ ಸುತ್ತಿ, ಬೇವಿನ ಬರಲಿನಿಂದ ಬೆನ್ನಿಗೆ ಹೊಡೆದ. ಕೇಳ್ಸುತ್ತಾ, ಇನ್ನೂ ಕೇಳ್ಸುತ್ತಾ ಎಂದು ಹೊಡೆದ. ಅವಳು ಕೊಸರಾಡದ ಹಾಗೆ ಎರಡು ಕೈಯನ್ನೂ ಹಿಡಿದುಕೊಂಡಿದ್ದವನು ಕೃಷ್ಣಪ್ಪ. ಇಲ್ಲ, ಕೇಳ್ಸಲ್ಲ, ಎಂದು ಅವಳು ಕೊನೆಗೆ ಅರಚಿದಾಗ ಎಲ್ಲರೂ ಉಸಿರು ಬಿಟ್ಟರು. ಆ ಕೈಗಳನ್ನು ಹಿಡಿದುಕೊಂಡಿದ್ದ ಹೊತ್ತಿನಲ್ಲಿ, ಅದಕ್ಕೂ ಎರಡು ತಿಂಗಳು ಮುಂಚಿನಿಂದ, ಕೃಷ್ಣಪ್ಪನಿಗೂ ಅದು ಕೇಳಿಸುತ್ತಿತ್ತು. ಹಸು ಕಟ್ಟುತ್ತಿರುವಾಗ, ಸಂಜೆ, ಹಿತ್ತಲ ಕೋಣೆಯಿಂದ, ಎಳೆಯುವ ಅಳು. ಒಂದು ಸಲ ಹಗ್ಗ ಬಿಟ್ಟು ಓಡಿಹೋಗಿ ಕೋಣೆಯ ಬಾಗಿಲನ್ನೂ ತೆಗೆದಿದ್ದ. ಗಂಡಸಾಗಿ, ಮನೆಗೆ ಹಿರಿಯ ಮಗನಾಗಿ, ಅದನ್ನು ಯಾರಿಗೆ ಹೇಳುವುದು? ಅವಳಿಗೆ ಹೇಳಿದರೆ ಅವಳು ಅದನ್ನೇ ಹಿಡಿದುಕೊಂಡು ಬಿಡುತ್ತಾಳೆ, ಇಬ್ಬರೂ ಹುಚ್ಚರಾಗುತ್ತೇವೆ ಎಂದು ಹೆದರಿದ. ಏನೂ ಇಲ್ಲ ಕಣೇ, ನಿನ್ ಭ್ರಮೆ, ಎಂದ. ಹೇಳಿ ಹೇಳಿ ಅದೇ ಅಭ್ಯಾಸವಾಯಿತು. ಆಮೇಲೆ ಅವಳು ಏನು ಕೇಳಿಸಿತು ಎಂದರೂ ಏನೂ ಇಲ್ಲ ಅನ್ನುವುದೇ ಅವನ ಸಂಸಾರವಾಯಿತು.

ಬ್ಯಾಡರಹಳ್ಳಿಯ ಮನೆಯ ಮುಂದೆ ಗಾಡಿ ನಿಲ್ಲಿಸಿದಾಗ ಅಕ್ಕಯ್ಯಮ್ಮ ಜಗಲಿಯ ಮೇಲೆ ಕಾಲು ಚಾಚಿ ಅವರೆಕಾಯಿ ಸುಲಿಯುತ್ತಿದ್ದಳು. ಅವಳ ತಮ್ಮ, ಹೆಸರಿಗೆ ದೊಡ್ಡಣ್ಣ, ಹೆಂಡತಿಯ ಜೊತೆ ತೋಟಕ್ಕೆ ಹೋಗಿದ್ದ. ಅವಳು ಕಾಲು ಮಡಚಿಕೊಂಡು, ಸೆರಗು ಸರಿಮಾಡಿಕೊಂಡು, ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದಿಟ್ಟಳು. "ಕಣ್ಣು ಹೆಂಗಿದೆ?" ಎಂದಳು. "ಪರವಾಗಿಲ್ಲ. ಎಲ್ಲಾ ದೊಡ್ಡದಾಗಿ ಕಾಣುತ್ತೆ" ಎಂದ. ಮೈಯಲ್ಲಿ ಸ್ವಲ್ಪ ತುಂಬಿಕೊಂಡಿದ್ದಳು, ಅಥವಾ ಕನ್ನಡಕವೇ ಹಾಗೆ ತೋರಿಸುತ್ತಿತ್ತು. ಕೃಷ್ಣಪ್ಪ ಜಗಲಿಯ ಇನ್ನೊಂದು ತುದಿಗೆ ಕೂತ. ನಡುವೆ ಅವರೆಕಾಯಿಯ ರಾಶಿ. ಪೊಟ್ಟಣ ಬಿಚ್ಚಿ ಬೇರಿಂಗನ್ನು ಅವಳ ಮುಂದೆ ಇಟ್ಟ.

"ನೀನ್ ಹೇಳಿದ್ದೇ ನಿಜ" ಎಂದ. "ಹಿಂದಿನ ಎಡಚಕ್ರ. ಪೂರಾ ಹೋಗಿತ್ತು."

ಅವಳು ಕೈಯನ್ನು ಸೀರೆಗೆ ಒರೆಸಿಕೊಂಡು ಅದನ್ನು ಎತ್ತಿಕೊಂಡಳು. ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ಮೆಲ್ಲಗೆ ತಿರುಗಿಸಿದಳು. ಗರಗರ ಎಂದಿತು. "ಹೂಂ, ಇದೇ" ಎಂದು ಕೆಳಗಿಟ್ಟಳು. ಗೆದ್ದೆ ಎನ್ನುವ ಭಾವ ಅವಳ ಮುಖದಲ್ಲಿ ಕಾಣಲಿ ಎಂದು ಕೃಷ್ಣಪ್ಪ ಕಾದ. ಅದು ಕಂಡಿದ್ದರೆ ಅವನಿಗೆ ಎಷ್ಟೋ ನಿರಾಳವಾಗುತ್ತಿತ್ತು. "ಹೊಸದು ಹಾಕ್ಸಿದ್ರಾ?" "ಹಾಕ್ಸಿದೆ." "ಈಗ ಸದ್ದಿಲ್ಲ ತಾನೆ?" "ಇಲ್ಲ." "ಒಳ್ಳೇದಾಯ್ತು" ಎಂದು ಮತ್ತೆ ಅವರೆಕಾಯಿಗೆ ಕೈ ಹಾಕಿದಳು. ಕೃಷ್ಣಪ್ಪ ಮಾತು ಬೆಳೆಸಿದ. ಬೈರಯ್ಯ ಚಕ್ರ ಅಲ್ಲಾಡಿಸಿದ್ದನ್ನು ಹೇಳಿದ, ಸ್ಕ್ರೂಡ್ರೈವರು ಕಿವಿಗಿಟ್ಟಿದ್ದನ್ನು ಹೇಳಿದ, ಖಾಲಿ ಗಾಡಿಯಲ್ಲಿ ಯಾಕೆ ಕೇಳಿಸಲಿಲ್ಲ ಎಂಬುದನ್ನು ವಿವರಿಸಿದ, ಬೈರಯ್ಯ ಕ್ಷಮೆ ಕೇಳಿದ ಎಂದೂ ಹೇಳಿದ. ಅವಳು ಎಲ್ಲದಕ್ಕೂ ಹೂಂಗುಟ್ಟಿದಳು. ಸುಲಿದ ಸಿಪ್ಪೆ ಒಂದು ಕಡೆ, ಕಾಳು ಒಂದು ಕಡೆ ಬೀಳುತ್ತಿತ್ತು. "ಇದನ್ನ ಹೇಳೋಕೇ ಬಂದ್ರಾ, ಅಷ್ಟು ದೂರದಿಂದ?" ಎಂದಳು ಅಕ್ಕಯ್ಯಮ್ಮ. ಅದರಲ್ಲಿ ಚುಚ್ಚುಮಾತೇನೂ ಇರಲಿಲ್ಲ. ಅವಳು ನಿಜವಾಗಿಯೂ ಕೇಳುತ್ತಿದ್ದಳು. ಅವಳು ಇನ್ನೂ ಕಾಯುತ್ತಿದ್ದಾಳೆ ಎಂದು ಕೃಷ್ಣಪ್ಪನಿಗೆ ಆಗ ಅನ್ನಿಸಿತು. ಎಂಟು ತಿಂಗಳು ಈ ಜಗಲಿಯ ಮೇಲೆ ಕೂತು ಕಾದದ್ದು ಬೇರಿಂಗಿಗಲ್ಲ ಎಂದು ಗೊತ್ತಾಯಿತು. ಹೇಳಿಬಿಟ್ಟರೆ ಎಲ್ಲ ಹಗುರಾಗುತ್ತದೆ, ಅವಳಿಗೂ ಸಮಾಧಾನವಾಗುತ್ತದೆ, ಇಬ್ಬರೂ ಕೂತು ಅತ್ತು ಮನೆಗೆ ಹೋಗಬಹುದು.

"ಅವತ್ತು ಆ ಮಾತು ಆಡ್ಬಾರ್ದಾಗಿತ್ತು."

"ಬಿಡಿ."

"ನನಗೂ ಕೇಳಿಸ್ತಿತ್ತು ಕಣೇ."

"ಏನು, ಚಕ್ರದ್ದಾ?"

"ಅಲ್ಲ. ಕೂಸು ಅಳೋದು. ಹಿತ್ತಲ ಕೋಣೇಲಿ. ನನಗೂ ಕೇಳಿಸ್ತಿತ್ತು."

ಅಕ್ಕಯ್ಯಮ್ಮನ ಕೈ ನಿಂತಿತು. ಅರ್ಧ ಸೀಳಿದ ಅವರೆಕಾಯಿ ಬೆರಳುಗಳ ನಡುವೆ ಹಾಗೇ ಇತ್ತು. ಅವಳ ಮುಖ ಮೊದಲು ಸಡಿಲವಾಯಿತು. ಕಣ್ಣು ತುಂಬಿ, ಹದಿನೆಂಟು ವರ್ಷಕ್ಕೆ ಮದುವೆಯಾಗಿ ಬಂದ ಹುಡುಗಿಯ ಮುಖ ಒಂದು ಕ್ಷಣ ಅಲ್ಲಿ ಬಂದು ಹೋಯಿತು. "ನಿಮಗೂ ಕೇಳಿಸ್ತಿತ್ತಾ?" ಎಂದಳು, ಉಸಿರಿನಲ್ಲೇ. ಕೃಷ್ಣಪ್ಪ ತಲೆಯಾಡಿಸಿದ. ಅವನ ಕಣ್ಣಿಂದಲೂ ನೀರು ಇಳಿದು ಕನ್ನಡಕದ ಕೆಳಗೆ ನಿಂತಿತು. ಅವಳ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು. ನಡುವೆ ಇದ್ದ ರಾಶಿಯ ಮೇಲೆ ಕೈ ಚಾಚಿದ.

"ಯಾವಾಗಿಂದ?" ಎಂದಳು ಅವಳು. ಕೈ ಕೊಡಲಿಲ್ಲ. "ಕೆಂಗೇರಿ ಮುದುಕನ ಹತ್ರ ಕರ್ಕೊಂಡ್ ಹೋದ್ರಲ್ಲ, ಅದಕ್ಕೆ ಮುಂಚೇನಾ, ಆಮೇಲಾ?"

ಆಮೇಲೆ ಎಂದುಬಿಡಬಹುದಿತ್ತು. ಹೇಳಿದ್ದರೆ ನಂಬುತ್ತಿದ್ದಳು. ಆಮೇಲೆ ಎಂಬ ಒಂದು ಮಾತಿಗೆ ಅವಳು ಎದ್ದು, ಒಳಗೆ ಹೋಗಿ, ಚೀಲ ತರುತ್ತಿದ್ದಳು ಎಂದು ಕೃಷ್ಣಪ್ಪನಿಗೆ ಆಮೇಲೆ ಬಹಳ ದಿನ ಅನ್ನಿಸುತ್ತಿತ್ತು. ಆದರೆ ಮೂವತ್ತು ವರ್ಷ ಸುಳ್ಳು ಹೇಳಿ ಇವತ್ತು ನಿಜ ಹೇಳಲು ಬಂದವನು ಅರ್ಧ ದಾರಿಯಲ್ಲಿ ನಿಲ್ಲುವುದು ಹೇಗೆ?

"ಮುಂಚೆ" ಎಂದ. "ಎರಡು ತಿಂಗಳು ಮುಂಚೆ."

ಅವಳ ಕಣ್ಣಲ್ಲಿ ತುಂಬಿದ್ದ ನೀರು ಕೆಳಗೆ ಬೀಳದೆ ಅಲ್ಲೇ ಆರಿತು. ಬೀದಿಯಲ್ಲಿ ಯಾರೋ ಕುರಿ ಹೊಡೆದುಕೊಂಡು ಹೋದರು. ಅಂಬಾಸಿಡರಿನ ಪಕ್ಕ ಕುರಿಗಳು ಒತ್ತರಿಸಿಕೊಂಡು ದಾಟಿ ಧೂಳು ಅಡಗುವ ತನಕ ಅವಳು ಅದನ್ನೇ ನೋಡುತ್ತಿದ್ದಳು.

"ನನ್ ಕೈ ಹಿಡ್ಕೊಂಡಿದ್ದು ನೀವೇ" ಎಂದಳು.

"ಹೂಂ."

"ಅವನು ಕೇಳ್ಸುತ್ತಾ ಕೇಳ್ಸುತ್ತಾ ಅಂತ ಹೊಡೀತಿದ್ದ. ನಾನು ನಿಮ್ ಮುಖಾನೇ ನೋಡ್ತಿದ್ದೆ. ನೀವು ಒಂದ್ಸಲ ಹೂಂ ಅಂದಿದ್ರೆ ಸಾಕಾಗಿತ್ತು." ಧ್ವನಿ ಏರಲಿಲ್ಲ. "ನನಗೆ ತಲೆ ಕೆಟ್ಟಿದೆ ಅಂತ ನಾನೂ ನಂಬ್ಕೊಂಡ್ಬಿಟ್ಟೆ. ಅಲ್ಲಿಂದ ಇಲ್ಲೀವರ್ಗೂ. ಹಾಲು ಉಕ್ಕೋ ಸದ್ದು ಕೇಳಿದ್ರೂ ನಿಜಾನಾ ಅಂತ ಎದ್ದು ಹೋಗಿ ನೋಡ್ತಿದ್ದೆ. ನೀವು ತಮಾಷೆಗೆ ಅಂದ್ರಲ್ಲ ಅವತ್ತು, ಅದನ್ನ ಮರ್ತಿದ್ದೆ ಕಣ್ರೀ. ಗಂಡಸರ ಬಾಯಿ ಅಂತ ಬಿಟ್ಟಿದ್ದೆ. ಸಂಕ್ರಾಂತಿ ಕಳೆದ ಮೇಲೆ ನಾನೇ ಬರೋಣ ಅಂತಿದ್ದೆ, ದೊಡ್ಡಣ್ಣನ್ ಹತ್ರ ಹೇಳೂ ಇದ್ದೆ."

ಅವಳು ಸುಲಿದ ಕಾಳನ್ನು ಮೊರಕ್ಕೆ ಬಳಿದುಕೊಂಡು ಎದ್ದಳು. ಏಳುವಾಗ ಮಂಡಿ ಹಿಡಿದು ಒಂದು ಸಲ ನಿಂತಳು. ಮೊದಲಾದರೆ ಕೈ ಕೊಡಿ ಎನ್ನುತ್ತಿದ್ದಳು. "ಹೊತ್ತಾಗಿದೆ. ಕಣ್ಣಿಗೆ ಔಷಧ ಗಿವ್ಷಧ ಹಾಕ್ಕೊಳೋದಿರುತ್ತೆ ನಿಮಗೆ. ಊಟ ಮಾಡ್ಬಿಟ್ ಹೊರಡಿ" ಎಂದು ಒಳಗೆ ಹೋದಳು.

ನಡುಮನೆಯಲ್ಲಿ ಚಾಪೆ ಹಾಸಿ, ತಟ್ಟೆ ಇಟ್ಟು, ನೀರು ಇಟ್ಟಳು. ಒಂದು ಮುದ್ದೆ, ಅವರೆಕಾಳಿನ ಸಾರು, ಅಂಚಿಗೆ ಒಂದು ಈರುಳ್ಳಿ. ಕೃಷ್ಣಪ್ಪ ಕೂತು ಮುರಿದು ನುಂಗಿದ. ಸಾರು ಅವಳದೇ ಕೈಯದು ಎಂದು ಮೊದಲ ತುತ್ತಿಗೇ ಗೊತ್ತಾಯಿತು. ನೀರು ಕುಡಿದು ಇಳಿಸಿದ. ಅವನ ಅಳತೆ ಒಂದೂವರೆ ಮುದ್ದೆ. ಮದುವೆಯಾಗಿ ಮೂರನೆಯ ದಿನಕ್ಕೆ ಅದನ್ನು ತಿಳಿದುಕೊಂಡವಳು ಅಲ್ಲಿಂದ ಒಂದು ದಿನವೂ ಕೇಳಿದ್ದಿಲ್ಲ. ಮೊದಲಿನದು ಮುಗಿಯುವ ಹೊತ್ತಿಗೆ ಅರ್ಧ ಮುದ್ದೆ ತಟ್ಟೆಗೆ ಬಂದು ಬೀಳುತ್ತಿತ್ತು, ಅವನು ತಲೆ ಎತ್ತಿ ನೋಡುತ್ತಲೂ ಇರಲಿಲ್ಲ. ಇವತ್ತು ತಟ್ಟೆ ಖಾಲಿಯಾಗಿ ಸ್ವಲ್ಪ ಹೊತ್ತಾಯಿತು. ಕೃಷ್ಣಪ್ಪ ತಲೆ ಎತ್ತಿದ. ಅಕ್ಕಯ್ಯಮ್ಮ ಪಾತ್ರೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿನ ಪಕ್ಕ, ಸೆರಗನ್ನು ಭುಜದ ತುಂಬ ಹೊದ್ದುಕೊಂಡು ನಿಂತಿದ್ದಳು.

"ಇನ್ನೊಂಚೂರು ಇಡ್ಲಾ?" ಎಂದಳು. "ಸಂಕೋಚ ಪಟ್ಕೋಬೇಡಿ."

"ಸಾಕು, ಸಾಕು" ಎಂದು ಕೃಷ್ಣಪ್ಪ, ನೆಂಟರ ಮನೆಯಲ್ಲಿ ಮಾಡುವ ಹಾಗೆ, ತಟ್ಟೆಯ ಮೇಲೆ ಕೈ ಅಡ್ಡ ಹಿಡಿದ.